ಸೊಸೆಗೆ ಕೇಳದ ದನಿ

ಕಟ್ಟೆಮಳಲವಾಡಿ

ಬೀಗರಾದ ಮರಿಯಯ್ಯನವರಿಗೆ ನಮಸ್ಕಾರ. ಮೇಷ್ಟ್ರ ಕೈಲಿ ಬರೆಸ್ತಾ ಇದ್ದೀನಿ.

ಚಳಿಜ್ವರದಿಂದ ಎದ್ದ ಮೇಲೆ ನಿಮ್ಮ ಮಗಳು ಚೆಲುವಿಗೆ ನಾನು ಎಷ್ಟು ಕೂಗಿದರೂ ಕೇಳಲ್ಲ. ಅವಳ ಗಂಡ ಜಗಲಿಯಿಂದ "ನೀರು ತತ್ತಾ" ಅಂದರೆ ಮಾತ್ರ ಓಡ್ತಾಳೆ. ಇದು ನಾಟಕ ಅಂತ ನನಗೆ ಗುಮಾನಿ. ಪರೀಕ್ಷೆ ಮಾಡೋಣ ಅಂತ ಬೆನ್ನ ಹಿಂದೆ ನಿಂತು "ನಿಮ್ಮಪ್ಪ ಬಂದವ್ರೆ" ಅಂದೆ. ತಿರುಗಲಿಲ್ಲ. ಪಕ್ಕಾ ಕಳ್ಳಿ ಅಂದುಕೊಂಡೆ. ನೀವೇ ಹೇಳಿಕೊಟ್ಟಿರಬೇಕು ಅಂತಲೂ ಅನ್ನಿಸ್ತು.

ಮಗ ಅವಳನ್ನು ಮೈಸೂರಿನ ಡಾಕ್ಟರಿಗೆ ತೋರಿಸಿದ. ಕಿವಿಯಿಂದ ಮಿದುಳಿಗೆ ಒಂದು ನರ ಹೋಗುತ್ತಂತೆ. ಅದರೊಳಗೆ ದಪ್ಪ ದನಿಗೆ ಬೇರೆ ಎಳೆ, ಕೀರಲು ದನಿಗೆ ಬೇರೆ ಎಳೆ. ಯಾವ ಎಳೆ ಮಿಡಿಯಿತೋ ಅದರ ಮೇಲೆ ಮಿದುಳು ದನಿಯನ್ನು ಗುರುತು ಹಿಡಿಯುತ್ತಂತೆ. ಚಳಿಜ್ವರಕ್ಕೆ ಕೊಟ್ಟ ಕ್ವಿನೈನ್ ಗುಳಿಗೆಯಿಂದ ಕೀರಲು ದನಿಯ ಎಳೆಗಳು ಸತ್ತಿವೆ ಅಂದರಂತೆ.

"ನನ್ನ ದನಿಯ ಎಳೆಯೇ ಸಾಯಬೇಕಿತ್ತೇನ್ಲಾ?" ಅಂದೆ.

"ನಿನ್ನ ದನಿ ಕೀರಲು ಕಣವ್ವ" ಅಂದ. ಡಾಕ್ಟರನ್ನೂ ನಾನು ನಂಬಲಿಲ್ಲ.

ನಿನ್ನೆ ಅವಳ ಕೂಸು ತೊಟ್ಟಿಲಿಂದ ಬಿದ್ದು ಕಿರುಚಿತು. ಚೆಲುವಿ ಅತ್ತ ತಿರುಗಿ ರಾಗಿ ಕೇರ್ತಾ ಇದ್ದಳು. ಹಾಡಿಕೊಳ್ತಾ ಕೇರ್ತಾನೇ ಇದ್ದಳು. ನಾನು ಕೂಸನ್ನು ಎತ್ತಿಕೊಂಡು ಅವಳೆದುರು ನಿಂತೆ. ಅದರ ತೆರೆದ ಬಾಯಿ ನೋಡಿ ಮೊರವನ್ನು ಕೈಯಿಂದ ಬಿಟ್ಟಳು.

ಕೂಸಿಗೆ ಏನೂ ಆಗಿಲ್ಲ. ಇನ್ನು ಅದು ನನ್ನ ಮಗ್ಗುಲಲ್ಲೇ ಮಲಗುತ್ತೆ.

ನೀವು ಬಂದಾಗ ಅವಳ ಹತ್ತಿರ ಕಿರುಚಬೇಡಿ, ದನಿ ದಪ್ಪ ಮಾಡಿ ಮಾತಾಡಿ. ನಾನೂ ಕಲೀತಾ ಇದ್ದೀನಿ. ಊರವರು ನಗ್ತಾರೆ, ನಗಲಿ ಬುಡಿ.

ಇಂತಿ,
ಚಿಕ್ಕಸಿದ್ದಮ್ಮ