ಪಾಸೂ ಅಲ್ಲದ, ನಪಾಸೂ ಅಲ್ಲದ ಹುಡುಗಿ

ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಗಾದಿಯ ಮೇಲಿರುವ ಮಾನ್ಯರೇ,

ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಬಿ.ಸಿ.ಎ. ಎರಡನೇ ವರ್ಷ ಮುಗಿಸಿದ ಸಪ್ನಾ ಎಂಬ ವಿದ್ಯಾರ್ಥಿನಿ ಡಿಸ್ಕ್ರೀಟ್ ಗಣಿತದ ಪತ್ರಿಕೆಯಲ್ಲಿ ಸರಿಯಾದ ಉತ್ತರ ಬರೆದಿದ್ದಾಳೆ. ಅದಕ್ಕಾಗಿ ತಾವು ಆಕೆಯ ಮೇಲೆ ಪರೀಕ್ಷಾ ಅಕ್ರಮದ ಪ್ರಕರಣ ಹೂಡಿ ಫಲಿತಾಂಶವನ್ನು ತಡೆಹಿಡಿದಿದ್ದೀರಿ. ಆ ವಿಷಯ ಕಲಿಸಿದ ಮಾಸ್ತರ ನಾನು. ತಮ್ಮ ಕಚೇರಿಗೆ ಹಾಕಿದ ಅರ್ಜಿಗಳಿಗೆ ಉತ್ತರ ಬಾರದ್ದರಿಂದ ಈ ಬಹಿರಂಗ ಪತ್ರದಲ್ಲಿ ನಾಲ್ಕು ಮಂದಿಯ ಎದುರು ಕೇಳುತ್ತಿದ್ದೇನೆ.

ಕಂಪ್ಯೂಟರ್ ಮುಟ್ಟುವ ಆಸೆಯಿಂದ ಬಂದ ಮಕ್ಕಳ ಮುಂದೆ ಗಣ, ಸಂಬಂಧ, ತರ್ಕ ಎಂದು ಹಲಗೆ ತುಂಬಿಸಿದರೆ ಯಾರಿಗೆ ತಾನೇ ಖುಷಿ? ‘ಸಮಾನತಾ ಸಂಬಂಧ’ದ ಪಾಠಕ್ಕೆ ಬಂದಾಗ ನಾನೂ ಪುಸ್ತಕದಲ್ಲಿದ್ದಂತೆ, ಸಂಖ್ಯೆಗಳನ್ನು ಐದರಿಂದ ಭಾಗಿಸಿ ಶೇಷ ನೋಡಿರಿ ಎಂದೆ. ಇಡೀ ತರಗತಿ ಆಕಳಿಸಿತು. ಪುಸ್ತಕ ಮುಚ್ಚಿಟ್ಟು, ಒಬ್ಬರೂ ಎರಡು ಕಡೆ ಬೀಳದಂತೆ ನಿಮ್ಮೂರ ಮಂದಿಯನ್ನು ಗುಂಪು ಮಾಡಿ ತೋರಿಸಿರಿ ನೋಡೋಣ ಎಂದು ಕೆಣಕಿದೆ. ದೊಡವಾಡದಿಂದ ಬಸ್ಸಿಗೆ ಬರುವ ಸಪ್ನಾ ಎದ್ದು ನಿಂತಳು.

“ಬೆಡಗು ಐತಲ್ರಿ ಸರ್. ಒಂದ ಬೆಡಗಿನವರಂದ್ರ ಅಣ್ಣತಮ್ಮರು. ಅವರೊಳಗ ಹೆಣ್ಣು ಕೊಡೂದಿಲ್ಲ, ತರೂದಿಲ್ಲ.”

ನಮ್ಮಂಥ ಭಟ್ಟರ ಮನೆಗಳಲ್ಲಿ ಅದಕ್ಕೆ ಗೋತ್ರ ಎನ್ನುತ್ತಾರೆ, ಲೆಕ್ಕ ಒಂದೇ. ನಾನು ನನ್ನ ಬೆಡಗಿನವನು. ನೀನು ನನ್ನ ಬೆಡಗಾದರೆ ನಾನು ನಿನ್ನ ಬೆಡಗು. ನಾನೂ ನೀನೂ ಒಂದು, ನೀನೂ ಅವನೂ ಒಂದು ಎಂದಾದರೆ ನಾನೂ ಅವನೂ ಒಂದು. ಸಮಾನತಾ ಸಂಬಂಧಕ್ಕೆ ಬೇಕಾದ ಮೂರೂ ಗುಣ ಹಲಗೆಯ ಮೇಲೆ ತಾವಾಗಿ ಇಳಿದವು. ಅಂದು ಗಂಟೆ ಹೊಡೆದ ಮೇಲೂ ಮಕ್ಕಳು ಬಸ್ಸಿಗೆ ಓಡದೆ ಬೀಗರಿಗೆ ಈ ಮೂರು ಗುಣ ಉಂಟೇ, ಸಡಕರಿಗೆ ಉಂಟೇ ಎಂದು ವಾದ ಮಾಡುತ್ತ ಕುಳಿತಿದ್ದರು.

ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು, ‘ಸ್ವಂತ ಉದಾಹರಣೆಯೊಂದಿಗೆ ವಿವರಿಸಿರಿ’ ಎಂದು. ಸಪ್ನಾ ಬೆಡಗನ್ನೇ ಬರೆದಳು. ನಮ್ಮ ಕಡೆ ಬೆಡಗಿನ ಮಾತು ಬಂದರೆ ಊರು, ಹೆಸರು ಕೂಡಿಯೇ ಬರುತ್ತವೆ. ಅ, ಬ, ಕ ಎಂಬುವವರಿಗೆ ಯಾರು ಹೆಣ್ಣು ಕೊಟ್ಟಾರು? ದೊಡವಾಡದ ಶಟ್ಟೆಪ್ಪ, ಮುತ್ತಪ್ಪ ಒಂದು ಬೆಡಗು. ಮುತ್ತಪ್ಪ, ಪರಪ್ಪ ಒಂದು ಬೆಡಗು. ಆದ್ದರಿಂದ ಶಟ್ಟೆಪ್ಪ, ಪರಪ್ಪ ಒಂದು ಬೆಡಗು ಎಂದು ಚೊಕ್ಕಾಗಿ ಸಾಧಿಸಿದಳು. ಶಟ್ಟೆಪ್ಪ ಆಕೆಯ ಅಪ್ಪ. ಉತ್ತರ ಪತ್ರಿಕೆಯಲ್ಲಿ ಗುರುತು ಬಿಟ್ಟುಕೊಡಬಾರದೆಂಬ ನಿಯಮ ಆಗ ತಮಗೆ ನೆನಪಾಯಿತು. ಅನುಮಾನ ಬಂದು, ಗುಪ್ತ ಸಂಖ್ಯೆ ಬಿಚ್ಚಿ ನೋಡಿದಾಗ ತಂದೆಯ ಹೆಸರು ತಾಳೆಯಾಯಿತಂತೆ. ಮಾನ್ಯರೇ, ದೊಡವಾಡದಲ್ಲಿ ಶಟ್ಟೆಪ್ಪ ಎಂದು ಕೂಗಿದರೆ ಅರ್ಧ ಓಣಿ ತಿರುಗಿ ನೋಡುತ್ತದೆ. ಸಂಖ್ಯೆ ಬಿಚ್ಚಿದವರು ತಾವು, ಗುರುತು ಬಿಟ್ಟುಕೊಟ್ಟವಳು ಅವಳೇ? ಹೆಸರು ಹಿಡಿದು ಉದಾಹರಣೆ ಕೊಡಿರೆಂದು ಕಲಿಸಿದವನು ನಾನು, ನಾಳೆಯೂ ಹಾಗೆಯೇ ಕಲಿಸುತ್ತೇನೆ. ಪ್ರಕರಣ ಹಾಕುವುದಿದ್ದರೆ ನನ್ನ ಮೇಲೆ ಹಾಕಿರಿ.

ಶಟ್ಟೆಪ್ಪ, ಸಪ್ನಾ, ನಾನು ಮೂವರೂ ತಮ್ಮ ಕಚೇರಿಗೆ ಬಂದಿದ್ದೆವು. ತಾವು ಮೀಟಿಂಗಿನಲ್ಲಿದ್ದಿರಿ, ಬಂದಾಗಲೆಲ್ಲ ಇರುತ್ತೀರಿ. ವಿಚಾರಣಾ ಸಮಿತಿಯ ಮುಂದೆ ಹಾಜರಾಗಲು ಅಂಕಪಟ್ಟಿ ಲಗತ್ತಿಸಿದ ಅರ್ಜಿ ಬೇಕೆಂದು ಗುಮಾಸ್ತರು ಹೇಳಿದರು. ಅಂಕಪಟ್ಟಿ ಎಲ್ಲಿ ಎಂದರೆ, ಫಲಿತಾಂಶ ಬಂದ ಮೇಲೆ. ಫಲಿತಾಂಶ ಯಾವಾಗ ಎಂದರೆ, ಸಮಿತಿ ವಿಚಾರಣೆ ಮುಗಿಸಿದ ಮೇಲೆ. ಎಲ್ಲಿಂದ ಹೊರಟರೂ ಹೊರಟಲ್ಲಿಗೇ ತಂದು ಬಿಡುವ ಇಂಥ ಸುತ್ತನ್ನು ನಾನು ಡಿಸ್ಕ್ರೀಟ್ ಗಣಿತದಲ್ಲೇ ಕಲಿಸುತ್ತೇನೆ, ಆದರೆ ಅದರೊಳಗೆ ಒಂದು ಜೀವವನ್ನು ಕೂಡಿಹಾಕಿ ತೋರಿಸುವ ಧೈರ್ಯ ನನಗಿರಲಿಲ್ಲ. ಮಗಳು ಪಾಸೋ ಫೇಲೋ ಅಷ್ಟೇ ಹೇಳಿರೆಂದು ಶಟ್ಟೆಪ್ಪ ಕೈಮುಗಿದರು. ಎರಡೂ ಅಲ್ಲ ಎಂಬ ಉತ್ತರ ಬಂತು.

ಮೂರನೇ ವರ್ಷದ ಪ್ರವೇಶ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಸಪ್ನಾ ಒಂದು ವರ್ಷ ಮನೆಯಲ್ಲಿ ಕುಳಿತರೆ ಏನಾಗುತ್ತದೆಂದು ತಮಗೆ ಗೊತ್ತಿಲ್ಲದಿರಬಹುದು, ಆಕೆಯ ತಾಯಿ ಮುದಕವ್ವನಿಗೆ ಗೊತ್ತು. ರಾಮದುರ್ಗದ ಕಡೆಯಿಂದ ಹೆಣ್ಣು ಕೇಳಿಕೊಂಡು ಈಗಾಗಲೇ ಬಂದು ಹೋಗಿದ್ದಾರೆ. ಮಗಳು ಓದುತ್ತಾಳೆ ಎಂಬುದೊಂದೇ ನೆಪದಿಂದ ಮುದಕವ್ವ ಅವರನ್ನು ತಿರುಗಿ ಕಳಿಸಿದ್ದಾರೆ. ಇನ್ನೊಮ್ಮೆ ಬಂದರೆ ಏನು ಹೇಳಬೇಕೆಂದು ಆ ತಾಯಿ ನನ್ನನ್ನು ಕೇಳುತ್ತಾರೆ. ನಾನು ಏನು ಹೇಳಲಿ, ತಾವೇ ಹೇಳಿರಿ. ನನಗೆ ಸಿಟ್ಟು ಬರುತ್ತದೆ, ಅದಕ್ಕಿಂತ ಹೆಚ್ಚು ಭಯವಾಗುತ್ತದೆ.

ಕಳೆದ ವಾರ ಸಪ್ನಾ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ, ತರಗತಿಯಲ್ಲಿ ಉತ್ತರ ಹೇಳುವ ದನಿಯಲ್ಲೇ ಮಾತಾಡಿದಳು.

“ಸರ್, ನನಗ ಫೇಲ್ ಅಂತನ ಬರದು ಕೊಡ್ರಿ ಅಂತ ಅವರಿಗೆ ಹೇಳ್ರಿ. ಫೇಲ್ ಆದೋರಿಗೆ ಮೂರನೇ ವರ್ಷಕ್ಕ ಹೋಗಾಕ ಬರತೈತಿ.”

ತಮ್ಮ ನಿಯಮವನ್ನು ತೆಗೆದು ನೋಡಿದೆ. ಆಕೆ ಹೇಳಿದ್ದು ನಿಜ. ನಪಾಸಾದವರು ಆ ಪತ್ರಿಕೆಯನ್ನು ಬಾಕಿ ಇಟ್ಟುಕೊಂಡು ಮುಂದಿನ ವರ್ಷಕ್ಕೆ ಸೇರಬಹುದು, ಫಲಿತಾಂಶ ತಡೆಹಿಡಿಯಲಾದವರು ಸೇರುವಂತಿಲ್ಲ. ಆದ್ದರಿಂದ ಮಾನ್ಯರೇ, ನ್ಯಾಯ ಕೇಳುವುದನ್ನು ಬಿಟ್ಟಿದ್ದೇನೆ. ತಿಂಗಳು ಮುಗಿಯುವುದರೊಳಗೆ ಆಕೆಯ ಉತ್ತರಕ್ಕೆ ಸೊನ್ನೆ ಹಾಕಿರಿ. ದಯವಿಟ್ಟು ಸಪ್ನಾಳನ್ನು ನಪಾಸು ಮಾಡಿರಿ.

ಇಂತಿ,
ತನ್ನ ಅತ್ಯುತ್ತಮ ವಿದ್ಯಾರ್ಥಿನಿಗೆ ಸೊನ್ನೆ ಬೇಡುತ್ತಿರುವ
ತ್ರ್ಯಂಬಕ ಮಾಸ್ತರ, ಬೈಲಹೊಂಗಲ