ಚಾಮ್ಜಿಗೆ ಸಿಕ್ಕ ಸೀಟು

ಚುಸೆರ್ಮಾ, ಸೋಲುಖುಂಬು
ಚೈತ್ರ ೧೨

ನನ್ನ ಮುದ್ದು ತಂಗಿ ಯಾಂಗ್ಜಿ,

ನಿನ್ನ ಕೆಮ್ಮು ಕಡಿಮೆಯಾಯಿತಾ? ಕಠ್ಮಂಡುವಿನ ಧೂಳಿನಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಓಡಾಡು. ನರ್ಸಮ್ಮನಿಗೆ ಇವಳು ಹೇಳಿಕೊಡಬೇಕಾ ಅಂತ ನಗಬೇಡ. ಅಮ್ಮನ ಮಂಡಿನೋವು ಇದ್ದ ಹಾಗೇ ಇದೆ, ಆದರೂ ದಿನಾ ಗೊಂಪಾದ ಬುದ್ಧನ ಗುಡಿ ಸುತ್ತಿ ಬರುವುದನ್ನು ಬಿಟ್ಟಿಲ್ಲ. ನಿನ್ನ ಭಾವ ಎವರೆಸ್ಟ್ ಹತ್ತುವವರ ಬೇಸ್ ಕ್ಯಾಂಪಿಗೆ ಅಡುಗೆ ಕೆಲಸಕ್ಕೆ ಹೋಗಿದ್ದಾರೆ, ಜ್ಯೇಷ್ಠದವರೆಗೆ ಬರುವುದಿಲ್ಲ. ಹಾಗಾಗಿ ಈಗ ಹೇಳುವುದನ್ನೆಲ್ಲ ನಾನೊಬ್ಬಳೇ ನಿಂತು ಮಾಡಬೇಕಾಯಿತು.

ನಿನ್ನನ್ನು ಓದಿಸಿದ ಸಂಸ್ಥೆಯವರು ಈ ವರ್ಷ ನಮ್ಮ ಕಣಿವೆಯ ನಾಲ್ಕು ಮಕ್ಕಳನ್ನು ಕಠ್ಮಂಡುವಿನ ಹಾಸ್ಟೆಲ್‌ನಲ್ಲಿಟ್ಟು ಓದಿಸುತ್ತೇವೆಂದು ಬಂದಿದ್ದರು. ಕಾರ್ಯದರ್ಶಿ ಮಿಂಗ್ಮಾರ್, ಅವನ ಜೊತೆ ದಾನಿಗಳ ಕಡೆಯ ರೂತ್ ಅನ್ನುವ ಬಿಳಿಕೂದಲಿನ ಹೆಂಗಸು. ಗೊಂಪಾದ ಅಂಗಳದಲ್ಲಿ ಇಪ್ಪತ್ತಮೂರು ಮಕ್ಕಳು ಮೂಗು ಒರೆಸಿಕೊಂಡು ಸಾಲಾಗಿ ಕೂತಿದ್ದವು. ನನ್ನ ಮಗಳು ಚಾಮ್ಜಿಯನ್ನು, "ಕಠ್ಮಂಡುಗೆ ಹೋದ್ರೆ ಯಾರ ನೆನಪಾಗುತ್ತೆ ಪುಟ್ಟಿ?" ಅಂತ ಮಿಂಗ್ಮಾರ್ ಕೇಳಿದ. "ನಮ್ಮ ಚಮರಿ ಕರುದು. ಅಮ್ಮ ಬೈತಾಳೆ, ಕರು ಬೈಯಲ್ಲ" ಅಂದಳು. ಅಂಗಳವೆಲ್ಲ ನಕ್ಕಿತು, ನಾನೂ ನಕ್ಕೆ. ಸಂಜೆ ಓದಿದ ನಾಲ್ಕು ಹೆಸರುಗಳಲ್ಲಿ ಅವಳದೇ ಮೊದಲು.

ಆಮೇಲೆ ನನಗೆ ನಗು ಬರಲಿಲ್ಲ. ಅವಳಿಗಿನ್ನೂ ಏಳು ವರ್ಷ. ನೀನು ಹೋದಾಗಲೂ ಅಷ್ಟೇ. ನಾಲ್ಕು ವರ್ಷದ ಮೇಲೆ ಮೊದಲ ಸಲ ಬಂದವಳು ಹೊಸ್ತಿಲಲ್ಲೇ ನಿಂತು, ಅಮ್ಮನಿಗೆ ಕೈಮುಗಿದು, ನೇಪಾಳಿಯಲ್ಲಿ ನಮಸ್ಕಾರ ಹೇಳಿದೆ. ನಮ್ಮ ಶೆರ್ಪಾ ಮಾತು ನಿನಗೆ ಮರೆತುಹೋಗಿತ್ತು. ಅಮ್ಮ ಗಾಬರಿಯಾಗಿ ನೆಂಟರಿಗೆಂದು ಎತ್ತಿಟ್ಟ ಬಟ್ಟಲಲ್ಲಿ ನಿನಗೆ ಚಹಾ ಕೊಟ್ಟಳು. ನೀವಿಬ್ಬರೂ ಆಡಿದ ಮಾತನ್ನು ಅಪ್ಪ ನಡುವೆ ಕೂತು ಇಬ್ಬರಿಗೂ ತಿಳಿಸಬೇಕಾಯಿತು.

ಮಾರನೆಯ ಬೆಳಿಗ್ಗೆ ಮಿಂಗ್ಮಾರ್ ಸಹಿಗೆ ಕಾಗದ ಚಾಚಿದ. "ಪ್ರತಿ ದಸೈಂ ಹಬ್ಬಕ್ಕೆ ಮಗೂನ ಮನೆಗೆ ಕಳಿಸ್ತೀರಾ?" ಅಂದೆ. "ಈಗ ಮೂರು ವರ್ಷಕ್ಕೊಂದು ಸಲ ಅಕ್ಕ, ಮೊದಲು ಅದೂ ಇರಲಿಲ್ಲ. ನಿಯಮ ಹಾಗಿದೆ. ನಾನೂ ಇದೇ ಹಾಸ್ಟೆಲ್‌ನಲ್ಲಿ ಬೆಳೆದವನು." "ಹಾಗಾದ್ರೆ ಸಹಿ ಹಾಕಲ್ಲ" ಅಂದುಬಿಟ್ಟೆ. ಪಕ್ಕದ ಮನೆಯ ಗ್ಯಾಲ್ಮು ಮೈಮೇಲೆ ಬಂದಳು. ಅವಳ ಮಗನ ಹೆಸರೂ ಪಟ್ಟಿಯಲ್ಲಿತ್ತಲ್ಲ. "ಏನೇ ನಿನ್ನ ಸೊಕ್ಕು? ನಿನ್ನ ಹಟಕ್ಕೆ ಅವರು ಬೇರೆ ಊರಿಗೆ ಹೋದ್ರೆ ನಮ್ಮ ಮಕ್ಕಳ ಗತಿ?" ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಕಾಗದವನ್ನು ವಾಪಸ್ ಕೊಟ್ಟೆ. ಮಿಂಗ್ಮಾರ್ ಎಲ್ಲವನ್ನೂ ರೂತ್‌ಗೆ ಬಿಡಿಸಿ ಹೇಳಿದ. ಆಕೆ ಕೇಳಿಸಿಕೊಂಡು ಅವನನ್ನೇ ಏನೋ ಕೇಳಿದರು. ಅವನು ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡ. ನೀನು ಹಾಸ್ಟೆಲ್‌ನಿಂದ ಮೊದಲ ಸಲ ಮನೆಗೆ ಹೋದದ್ದು ಯಾವಾಗ ಅಂತ ಕೇಳಿದರಂತೆ, ಆಮೇಲೆ ಅವನೇ ಹೇಳಿದ. ಆರು ವರ್ಷದ ಮೇಲೆ, ಅಷ್ಟರಲ್ಲಿ ಅವನ ಅಮ್ಮ ತೀರಿಕೊಂಡಿದ್ದರು.

ಅವರು ಏನೂ ಮಾತು ಕೊಡದೆ ಹೊರಟುಹೋದರು. ಹತ್ತು ದಿನ ಅಮ್ಮ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನೀರು ಹಿಡಿಯುವಲ್ಲಿ ಹೆಂಗಸರು ನನಗೆ ಬೆನ್ನು ಹಾಕಿದರು. ನಿನ್ನೆ ಮಿಂಗ್ಮಾರ್ ತಾನೇ ನಡೆದು ಬಂದ. ನಾಲ್ಕೂ ಮಕ್ಕಳು ಪ್ರತಿ ದಸೈಂಗೆ ಮನೆಗೆ ಬರುತ್ತಾರೆ. ಸಲ್ಲೇರಿ ಪೇಟೆಯವರೆಗೆ ಜೀಪು, ಅಲ್ಲಿಂದ ನಾವು ತಾಯಂದಿರು ಸರದಿಯಲ್ಲಿ ಕರೆತರಬೇಕು. ಸಹಿ ಹಾಕಿದೆ. ಗ್ಯಾಲ್ಮು ಆಲೂಗಡ್ಡೆ ರೊಟ್ಟಿ ತಂದಿಟ್ಟು ನನ್ನ ಪಕ್ಕದಲ್ಲಿ ಕೂತಳು.

ಅಮ್ಮ ನಿನಗಾಗಿ ದೀಪ ಹಚ್ಚಿದ್ದಾಳೆ. ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನ ಅಕ್ಕ,
ಖಾಂಡು

ಮತ್ತೊಂದು ಮಾತು. ಈ ಕಾಗದ ಒಯ್ಯಲು ಮಿಂಗ್ಮಾರ್ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. "ಅಕ್ಕ ತನ್ನ ಸೀಟು ನನಗೆ ಬಿಟ್ಟುಕೊಟ್ಟಳು" ಅಂತ ಎಲ್ಲರಿಗೂ ಹೇಳುತ್ತೀಯಂತೆ, ಇವನೇ ಹೇಳಿದ. ಬಿಟ್ಟುಕೊಡಲಿಲ್ಲ ಯಾಂಗ್ಜಿ. ನೀನು ಹೋದ ದಿನ ಸಂಸ್ಥೆಯವರು ಕೂಗಿದ್ದು ನನ್ನ ಹೆಸರನ್ನೇ. ಆಗ ನನಗೆ ಒಂಬತ್ತು. ಹೆದರಿ, ಆಲೂಗಡ್ಡೆ ತುಂಬಿಡುವ ಗುಂಡಿಯಲ್ಲಿ ಅಡಗಿ ಕೂತೆ. ಅವರಿಗೆ ಹೊರಡುವ ಹೊತ್ತಾಗಿತ್ತು, ನೀನು ಅಂಗಳದಲ್ಲಿ ಆಡುತ್ತಿದ್ದೆ, ನಿನ್ನನ್ನೇ ಕರೆದುಕೊಂಡು ಹೋದರು. ನೀನು "ಅಕ್ಕಾ" ಅಂತ ಅತ್ತದ್ದು ನನಗೆ ಗುಂಡಿಯೊಳಗೆ ಕೇಳಿಸುತ್ತಿತ್ತು. ನಾನು ಎದ್ದು ಬರಲಿಲ್ಲ. ಚಾಮ್ಜಿ ವೈಶಾಖ ಐದಕ್ಕೆ ಹಾಸ್ಟೆಲ್ ಸೇರುತ್ತಾಳೆ. ಇದನ್ನು ಓದಿದ ಮೇಲೂ ಮನಸ್ಸಿದ್ದರೆ, ಮೊದಲ ಶನಿವಾರ ಹೋಗಿ ಅವಳನ್ನು ನೋಡು.