ನಳದ ನೀರು ತೊಟ್ಟಿಗೆ ಬಂತು

ಅಲ್ಲ ಅಂಬಾ, ನಿನ್ನೆ ಬರೆಯುತ್ತ ಬರೆಯುತ್ತ ನಿದ್ದೆ ಬಂತು, ದಾವೆ ಗೆದ್ದದ್ದು ಹೇಗೆಂಬುದೇ ಉಳಿಯಿತು. ನಳವಿದೆ ಎಂದು ಹೇಳಿ ನಮಗೆ ಈ ಕಸಬಾ ಪೇಟೆಯ ಮನೆ ಮಾರಿದ ದಿಗಂಬರಪಂತನ ವಕೀಲ ಕೋರ್ಟಿನಲ್ಲಿ ಎದ್ದು, “ಲೆಟ್ ದಿ ಬೈಯರ್ ಬಿವೇರ್” ಎಂದ. ಕೊಳ್ಳುವವನೇ ನೋಡಿ ಕೊಳ್ಳಬೇಕಂತೆ. ಕಾಲೇಜಿನಲ್ಲಿ ನಾನೂ ಓದಿದ್ದೆ, ಅದಕ್ಕೆ ಇನ್ನೊಂದು ಅರ್ಧವಿತ್ತು, “ಬಟ್ ದಿ ಸೆಲ್ಲರ್ ಶಲ್ ನಾಟ್...” ಮಾರುವವನೂ ಏನೋ ಮಾಡಬಾರದಂತೆ, ಮುಂದಿನದು ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

ಆ ಅರ್ಧವನ್ನು ತುಂಬಿಸಿದವಳು ದಿಗಂಬರಪಂತನ ತಾಯಿ ರಾಧಾಬಾಯಿ, ಬೆಳಗಾವಿ ಕಡೆಯವಳು. ನಳವೇ ಇಲ್ಲದ ತೊಟ್ಟಿ ನಾವು ಮನೆ ನೋಡಲು ಬಂದ ದಿನ ತುಂಬಿದ್ದು ಹೇಗೆ ಎಂದು ಜಡ್ಜ್ ಸಾಹೇಬರು ಕೇಳಿದರು. ಮುದುಕಿ ಸೆರಗು ಸರಿಮಾಡಿಕೊಂಡಳು.

“ಮನಿ ನೋಡಾಕ ಪಾವಣ್ಯಾರು ಬರೂ ದಿನ ತೊಟ್ಟಿ ಖಾಲಿ ಇಟ್ರ ಮನಿತನದ ಮರ್ಯಾದಿ ಉಳೀತದೇನ್ರಿ? ಗಾಡಿ ಮ್ಯಾಲೆ ನೀರು ತರಿಸಿ ನಾನ ತುಂಬಿಸೀನಿ.”

“ಆಯೀ, ಸುಮ್ಮನಿರು,” ಎಂದ ದಿಗಂಬರಪಂತ.

“ಯಾಕೋ? ಚಹಾನೂ ನಾನ ಮಾಡಿದ್ದೆ.”

ಕೋರ್ಟೆಲ್ಲ ನಕ್ಕಿತು. ಸುಳ್ಳು ವರ್ಣಿಸಿ ಮಾರಿದವನೇ ಹೊಣೆ, ಅವನೇ ನಳ ಹಾಕಿಸಿಕೊಡಲಿ ಎಂದು ತೀರ್ಪಾಯಿತು. ಆಮೇಲೆ ಸಾಹೇಬರು ನನ್ನ ಕಡೆ ತಿರುಗಿ ಸಹಜವಾಗಿ, “ಇಷ್ಟು ವರ್ಷ ಮನೀಗೆ ನೀರು ಯಾರು ತರತಿದ್ರು?” ಎಂದು ಕೇಳಿದರು. “ನನ್ನ ಹೆಂಡತಿ. ಈಗಿಲ್ಲ,” ಎಂದೆ.

ಇವತ್ತು ನಳ ಬಂತು. ಪೇಟೆಯವರೆಲ್ಲ ಬಂದು ನೋಡಿಹೋದರು. ನಾನು ಜರಿ ರುಮಾಲು ಸುತ್ತಿಕೊಂಡು ತೊಟ್ಟಿಯ ಕಟ್ಟೆಯ ಮೇಲೆ ಮಹಾರಾಜನಂತೆ ಕೂತು ಬರೆಯುತ್ತಿದ್ದೇನೆ. ನೀರು ತುಂಬಿ ಹೊರಚೆಲ್ಲಿ, ನೀನು ಇರುವವರೆಗೂ ಕೊಡ ಹೊತ್ತು ಬರುತ್ತಿದ್ದ ಓಣಿಗೆ ಹರಿಯುತ್ತಿದೆ. ನಳ ನಿಲ್ಲಿಸಬೇಕು. ಇನ್ನಷ್ಟು ಹರಿಯಲಿ ಅನಿಸುತ್ತದೆ. ಬೆಳಕು ಹೋಗುತ್ತಿದೆ, ಬರೆದದ್ದು ನನಗೇ ಕಾಣಿಸುತ್ತಿಲ್ಲ.